ಎಂಟು ಕೆಬಿ ಚೀಲ ಮತ್ತು ಬಿದ್ದ ಗೋಡೆಯ ಫೋಟೋ

ಆ ಅಕ್ಕ ನಮ್ಮ ಕೋಣೆಗೆ ಬಂದದ್ದು ಮಧ್ಯಾಹ್ನ ಮೂರೂವರೆಗೆ. ವರದಾ ನದಿ ದಂಡೆಯ ಊರಿನವರು. ಝೆರಾಕ್ಸ್ ಅಂಗಡಿಯ ಮೇಲಿರುವ ನಮ್ಮ ಕೋಣೆಯ ಮೆಟ್ಟಿಲು ಹತ್ತಿ, ಹೊರಗೇ ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತು ಕೇಳಿದರು:

"ಪೇಪರಿನವರ ರೂಮು ಇದಾ ಏನ್ರಿ ಅಣ್ಣಾರ?"

ಹೌದು ಅಂದೆವು. ಒಳಗೆ ಕರೆದು ನೀರು ಕೊಟ್ಟೆವು.

"ಹೊಳಿ ಬಂದಾಗ ನೀವ ನಮ್ಮ ಮನಿ ಫೋಟೋ ತಗದಿದ್ರಿ. ಗ್ವಾಡಿ ಬಿದ್ದದ್ದು. ಆ ಫೋಟೋ ಬೇಕಾಗಿತ್ರಿ."

2019ರ ಆಗಸ್ಟ್‌ನಲ್ಲಿ ವರದಾ ತುಂಬಿ ಬಂದದ್ದನ್ನು ಹಾವೇರಿ ಜಿಲ್ಲೆಯ ಹೊಳೆ ಸಾಲಿನ ಜನ ಮರೆಯುವುದಿಲ್ಲ. ಆಗ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತ್ತು. ಅಲ್ಪ ಹಾನಿಯಾದ ಮನೆಗೆ ಸಿಗುವುದು ಬಹಳ ಕಡಿಮೆ. ಈ ಅಕ್ಕನ ಮನೆ ಪಟ್ಟಿಯ ಕೆಳಗಿನ ಸಾಲಿಗೆ ಸೇರಿತ್ತು. ಅಂದಿನಿಂದ ಅಲೆದಾಟ. ಮಗ ಮೊಬೈಲಿನಲ್ಲಿ ತೆಗೆದ ಫೋಟೋ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಮಸುಕಾಗಿತ್ತು, ಯಾವ ದಿನ ತೆಗೆದದ್ದು ಎಂಬುದಕ್ಕೂ ಗುರುತಿರಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿಗೆ ಅರ್ಜಿ ಕೊಡಬೇಕು, ಜೊತೆಗೆ ಸರಿಯಾದ ಫೋಟೋ ಬೇಕು. ಅದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ವಾಪಸ್ ಹೋಗಲು ಕಡೆಯ ಬಸ್ಸು ಐದೂವರೆಗೆ.

ಎರಡು ತಾಸು ಇದೆಯಲ್ಲ, ಆರಾಮಾಗಿ ಸಿಗುತ್ತದೆ ಅಂದುಕೊಂಡೆವು.

ಸಿಗಲಿಲ್ಲ. ಪ್ರವಾಹದ ಫೋಲ್ಡರ್ ತೆರೆಯಲೇ ನಿಮಿಷಗಟ್ಟಲೆ ಬೇಕಾಯಿತು. ನಾವು ನಾಲ್ವರೂ ಆಗ ತೆಗೆದ ಸಾವಿರಾರು ಫೋಟೋ, ವಿಡಿಯೋ ಎಲ್ಲ ಒಂದೇ ಕಡೆ ಸುರಿದಿದ್ದೆವು. ಒಂದೊಂದು ವಿಡಿಯೋ ತೆರೆದಾಗಲೂ ಪರದೆಯ ಮೇಲೆ ಚಕ್ರ ತಿರುಗುವುದು, ನಾವು ಅದನ್ನು ನೋಡುತ್ತ ಕೂರುವುದು. ಅಕ್ಕ ಗೋಡೆ ಗಡಿಯಾರವನ್ನೊಮ್ಮೆ, ನಮ್ಮ ಮುಖವನ್ನೊಮ್ಮೆ ನೋಡುತ್ತಿದ್ದರು. ಐದೂ ಕಾಲಿಗೆ ಎದ್ದರು.

"ಇರ್ಲಿ ಬಿಡ್ರಿ ಅಣ್ಣಾರ. ನಿಮ್ಮ ಮಿಷಿನ್ನಿಗೂ ವಯಸ್ಸಾಗಿರಬೇಕು."

ಸಿಟ್ಟಿನಿಂದ ಅನ್ನಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಫೋಟೋ ಸಿಕ್ಕಾಗ ಸಂಜೆ ಏಳೂವರೆ ದಾಟಿತ್ತು. ಕೆಳಗಿನ ಅಂಗಡಿಯವರು ಶಟರ್ ಎಳೆಯುತ್ತಿದ್ದರು. ಅವರನ್ನು ನಿಲ್ಲಿಸಿ ಪ್ರಿಂಟ್ ತೆಗೆಸಿದೆವು. ನಮ್ಮಲ್ಲೊಬ್ಬ ಬೈಕು ಹತ್ತಿ ರಾತ್ರಿಯೇ ಆ ಊರಿಗೆ ಹೋಗಿ ಕೊಟ್ಟು ಬಂದ. ಕೆಲಸವೇನೋ ಆಯಿತು. ಆದರೆ ಮರುದಿನ ಚಹಾ ಕುಡಿಯುತ್ತ ನಾವು ಒಂದು ಮಾತು ಆಡಿಕೊಂಡೆವು. ಊರಿನವರ ಫೋಟೋ ನಮ್ಮ ಬಳಿ ಇದ್ದೂ ಬೇಕಾದ ಹೊತ್ತಿಗೆ ಸಿಗದಿದ್ದರೆ, ಅದು ಇದ್ದರೆಷ್ಟು, ಬಿಟ್ಟರೆಷ್ಟು?

ಈ ಬರಹ ಆಮೇಲೆ ನಾವು ಮಾಡಿದ ರಿಪೇರಿಯ ಕಥೆ. ನಾವೇನೂ ಎಂಜಿನಿಯರ್‌ಗಳಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಓದಿ, ತಾಲ್ಲೂಕುಗಳಲ್ಲಿ ಸುದ್ದಿ ಹೆಕ್ಕುವವರು. ನಾವು ಕಲಿತದ್ದು ನಿಮ್ಮ ಊರಿನ ಶಾಲೆಯ ಕಂಪ್ಯೂಟರ್ ಕೋಣೆಗೋ, ಫೋಟೋ ಸ್ಟುಡಿಯೋಗೋ, ಸೊಸೈಟಿಗೋ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇವೆ.

ಮೊದಲು ನಮ್ಮ ವ್ಯವಸ್ಥೆ ಹೇಳುತ್ತೇವೆ. ಮೂಲೆಯಲ್ಲಿ ಒಂದು ಹಳೆ ಕಂಪ್ಯೂಟರ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು, 2 ಜಿಬಿ ರ‍್ಯಾಮ್, ಒಳಗೆ ದೊಡ್ಡ ಹಾರ್ಡ್‌ ಡಿಸ್ಕ್. ಅದರಲ್ಲಿ ಲಿನಕ್ಸ್ ಹಾಕಿದ್ದೇವೆ. ಇದು ನಮ್ಮ ಫೈಲ್ ಸರ್ವರ್. ಅಂದರೆ ಊರ ಕಣಜ ಇದ್ದ ಹಾಗೆ. ಫೋಟೋ, ವಿಡಿಯೋ, ಬರಹ ಎಲ್ಲ ಅಲ್ಲೇ. ನಾವು ಕೂರುವ ಮೇಜುಗಳ ಮೇಲೆ ಬೇರೆ ಮೂರು ಕಂಪ್ಯೂಟರ್. ಕೇಬಲ್ ಎಳೆದು ಎಲ್ಲವನ್ನೂ ಸರ್ವರ್‌ಗೆ ಜೋಡಿಸಿದ್ದೇವೆ. ನಮ್ಮ ಮೇಜಿನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದರೆ ಅದು ಇಲ್ಲೇ ಇದ್ದಂತೆ ಕಾಣುತ್ತದೆ, ಆದರೆ ಇರುವುದು ಮೂಲೆಯಲ್ಲಿ. ಈ ಏರ್ಪಾಡಿಗೆ ನೆಟ್‌ವರ್ಕ್ ಫೈಲ್ ಸಿಸ್ಟಮ್, ಚಿಕ್ಕದಾಗಿ ಎನ್‌ಎಫ್‌ಎಸ್ ಎನ್ನುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಸನ್ ಮೈಕ್ರೊಸಿಸ್ಟಮ್ಸ್ ಎಂಬ ಕಂಪನಿ 1984ರಲ್ಲಿ ಮಾಡಿದ್ದು. ನಮ್ಮಲ್ಲಿ ಹಲವರು ಹುಟ್ಟುವ ಮುಂಚಿನದು. ಇವತ್ತಿಗೂ ಲೋಕದ ತುಂಬ ನಡೆದಿದೆ.

ಅಕ್ಕ ಹೇಳಿದ ಹಾಗೆ ಮಿಷಿನ್ನಿಗೆ ವಯಸ್ಸಾಗಿದೆ ಎಂದೇ ನಾವೂ ನಂಬಿದ್ದೆವು. ಹೊಸದು ಕೊಳ್ಳಲು ದುಡ್ಡು ಎಲ್ಲಿಂದ? ಸ್ಟ್ರಿಂಗರ್‌ಗಳ ಗತಿ ನಿಮಗೆ ಗೊತ್ತಿದ್ದದ್ದೇ. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲೂ ಕೈಯಿಂದ. ಹಾಗಾಗಿ ಇರುವುದನ್ನೇ ಬಿಚ್ಚಿ ನೋಡಲು ಕೂತೆವು.

ಮೊದಲು ಸಿಕ್ಕ ಕಳ್ಳ ಇಲಿ.

ಕೇಬಲ್ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ತೋರಿಸುವ ಇಥ್‌ಟೂಲ್ ಎಂಬ ಆದೇಶ ಲಿನಕ್ಸಿನಲ್ಲಿದೆ. ನಮ್ಮ ಸ್ವಿಚ್ಚು, ಕಂಪ್ಯೂಟರ್ ಎರಡೂ ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸಬಲ್ಲವು. ಪರದೆ ತೋರಿಸಿದ್ದು 100. ಕೇಬಲ್ ಹಿಡಿದುಕೊಂಡು ಹೋದರೆ ಹಳೆ ಪೇಪರ್ ಕಟ್ಟಿನ ಹಿಂದೆ ಇಲಿ ಕಡಿದಿತ್ತು. ಆ ಕೇಬಲಿನೊಳಗೆ ಎಂಟು ತಂತಿ ಇರುತ್ತವೆ. 1000ದ ವೇಗಕ್ಕೆ ಎಂಟೂ ಬೇಕು. 100ಕ್ಕೆ ನಾಲ್ಕು ಸಾಕು. ಹಾಗಾಗಿ ಒಂದೆರಡು ತಂತಿ ತುಂಡಾದರೂ ಕೆಲಸ ನಿಲ್ಲಲಿಲ್ಲ, ಕುಂಟುತ್ತ ಸಾಗಿತ್ತು. ನಿಂತೇ ಹೋಗಿದ್ದರೆ ಅವತ್ತೇ ನೋಡುತ್ತಿದ್ದೆವು. ಕುಂಟುವುದು ಅಭ್ಯಾಸವಾಗಿಬಿಡುತ್ತದೆ.

100 ಮೆಗಾಬಿಟ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. 700 ಎಂಬಿ ವಿಡಿಯೋ ಬರಲು ಒಂದು ನಿಮಿಷವಾದರೂ ಬೇಕೇ ಬೇಕು. ಹೊಸ ಕೇಬಲ್ ಹಾಕಿದೆವು. ಅದೇ ವಿಡಿಯೋ ಮತ್ತೆ ತೆರೆದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು! ಖುಷಿಗೆ ಕೆಳಗಿನಿಂದ ಮಿರ್ಚಿ, ಮಂಡಕ್ಕಿ ತರಿಸಿ ತಿಂದೆವು.

ಮರುದಿನ ಬೇರೆ ವಿಡಿಯೋ ತೆರೆದರೆ ಮತ್ತೆ ಚಕ್ರ. ಮೊದಲಿಗಿಂತ ವಾಸಿ, ಆದರೆ ಕಣ್ಣು ಮಿಟುಕಿಸುವ ಮಾತೇ ಇಲ್ಲ.

ಆದದ್ದೇನೆಂದರೆ, ಹಿಂದಿನ ದಿನ ನಾವು ತೆರೆದ ವಿಡಿಯೋ ಆಗಲೇ ನಮ್ಮ ಮೇಜಿನ ಕಂಪ್ಯೂಟರಿನ ರ‍್ಯಾಮ್‌ನಲ್ಲಿ ಕೂತಿತ್ತು. ಎರಡನೇ ಸಲ ಕೇಳಿದಾಗ ಸರ್ವರ್‌ತನಕ ಹೋಗದೆ ಅಲ್ಲಿಂದಲೇ ಕೊಟ್ಟಿತು. ಸಂತೆಗೆ ಹೋಗಿ ತರಕಾರಿ ತರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯಲು ಹೊರಟು, ನಿನ್ನೆ ತಂದಿಟ್ಟ ಬುಟ್ಟಿಯಿಂದ ತೆಗೆದುಕೊಟ್ಟ ಹಾಗೆ. ಸುದ್ದಿಯಲ್ಲೂ ಇದೇ ತಪ್ಪು ಆಗುತ್ತದೆ. ಒಬ್ಬರನ್ನೇ ಎರಡು ಸಲ ಕೇಳಿ, ಇಬ್ಬರು ಹೇಳಿದರು ಎಂದು ಬರೆದುಬಿಡುತ್ತೇವೆ.

ಆಮೇಲೆ ಅಳೆಯುವ ಕ್ರಮ ಬದಲಿಸಿದೆವು. ಸರ್ವರ್‌ನ ರ‍್ಯಾಮ್ 2 ಜಿಬಿ, ಮೇಜಿನ ಕಂಪ್ಯೂಟರಿನದು 4 ಜಿಬಿ. ದೊಡ್ಡದರ ಎರಡರಷ್ಟು, ಅಂದರೆ 8 ಜಿಬಿಯ ಒಂದು ಫೈಲ್ ಮಾಡಿದೆವು. ಅಷ್ಟು ದೊಡ್ಡದು ಯಾವ ರ‍್ಯಾಮ್‌ನಲ್ಲೂ ಪೂರ್ತಿ ಅಡಗಿ ಕೂರಲಾರದು. ಪ್ರತಿ ಸಲ ಅಳೆಯುವ ಮುಂಚೆ ಸರ್ವರ್‌ನ ಫೋಲ್ಡರ್ ಕಳಚಿ, ಮತ್ತೆ ಜೋಡಿಸಿದೆವು. ಕಂಪ್ಯೂಟರಿನವರು ಇದಕ್ಕೆ ಅನ್‌ಮೌಂಟ್, ಮೌಂಟ್ ಎನ್ನುತ್ತಾರೆ. ಒಂದೊಂದು ಅಳತೆ ಮೂರು ಸಲ. ಬರೆದಿಡಲು ಒಂದು ನೋಟ್‌ಬುಕ್. 8 ಜಿಬಿ ಫೈಲ್ ಓದಿಸಲು ಸುಮಾರು ಐದು ನಿಮಿಷ ಹಿಡಿಯಿತು. ಡಿಸ್ಕಿಗೆ ಇದಕ್ಕಿಂತ ಹೆಚ್ಚಿನ ಶಕ್ತಿ ಇದೆ, ಸರ್ವರ್ ಒಳಗೇ ಕೂತು ಓದಿಸಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕೇಬಲ್ ಸರಿ ಇದೆ, ಡಿಸ್ಕ್ ಸರಿ ಇದೆ. ಮತ್ತೆಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ?

ಎನ್‌ಎಫ್‌ಎಸ್‌ಸ್ಟ್ಯಾಟ್ ಎಂಬ ಇನ್ನೊಂದು ಆದೇಶ ಇದೆ. ಅದರ ಮುಂದೆ ಒಂದು ಗೆರೆ ಮತ್ತು ಎಮ್ ಅಕ್ಷರ ಹಾಕಿದರೆ ಯಾವ ಷರತ್ತಿನ ಮೇಲೆ ಫೋಲ್ಡರ್ ಜೋಡಣೆಯಾಗಿದೆ ಎಂದು ತೋರಿಸುತ್ತದೆ. ಅದರಲ್ಲಿ ಎರಡು ಸಂಖ್ಯೆ ಕಂಡವು. ಆರ್‌ಸೈಜ್ 8192. ಡಬ್ಲ್ಯೂಸೈಜ್ 8192.

ಇದೇ ಗಂಟು.

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸುಗ್ಗಿಯಲ್ಲಿ ಗೇಟಿನ ಮುಂದೆ ಗಾಡಿಗಳ ಸಾಲು. ಒಬ್ಬ ರೈತನ ಹತ್ತಿರ ನೂರು ಚೀಲ ಕಾಯಿ ಇದೆ ಅನ್ನಿ. ಅವನು ಸೈಕಲ್ ಮೇಲೆ ಒಂದೊಂದೇ ಚೀಲ ತಂದರೆ ನೂರು ಸಲ ಗೇಟಿನಲ್ಲಿ ನಿಲ್ಲಬೇಕು, ನೂರು ಸಲ ಚೀಟಿ ಬರೆಸಬೇಕು, ನೂರು ಸಲ ಬರಿಗೈಯಲ್ಲಿ ವಾಪಸ್ ಹೋಗಬೇಕು. ಟ್ರ್ಯಾಕ್ಟರಿನಲ್ಲಿ ತಂದರೆ ಒಂದೆರಡು ಚೀಟಿಯಲ್ಲಿ ಮುಗಿಯಿತು. ರಸ್ತೆ ಅದೇ, ಕಾಯಿ ಅದೇ. ಹೊತ್ತು ಹೋಗುವುದು ಗೇಟಿನಲ್ಲಿ.

ಆರ್‌ಸೈಜ್ ಅಂದರೆ ಸರ್ವರ್‌ನಿಂದ ಓದುವಾಗ ಒಂದು ಕೋರಿಕೆಗೆ ಹೆಚ್ಚೆಂದರೆ ಎಷ್ಟು ಬೈಟ್ ತರಬಹುದು ಎಂಬ ಮಿತಿ. ಡಬ್ಲ್ಯೂಸೈಜ್ ಅಂದರೆ ಬರೆಯುವಾಗ ಒಂದು ಸಲಕ್ಕೆ ಎಷ್ಟು ಒಯ್ಯಬಹುದು ಎಂಬ ಮಿತಿ. ನಮ್ಮದು 8192 ಬೈಟ್, ಅಂದರೆ 8 ಕೆಬಿ. 700 ಎಂಬಿ ವಿಡಿಯೋವನ್ನು 8 ಕೆಬಿ ತುಂಡು ಮಾಡಿದರೆ ಎಷ್ಟಾಗುತ್ತದೆ? 89,600 ತುಂಡು. ಒಂದು ವಿಡಿಯೋ ನೋಡಲು 89,600 ಸಲ "ಕೊಡಪ್ಪ" ಎಂದು ಕೇಳಬೇಕು, ಅಷ್ಟೇ ಸಲ ಅದು "ತಗೋ" ಎನ್ನಬೇಕು. ಕಂಪ್ಯೂಟರ್ ಜಾಣ, ಮೊದಲ ಕೋರಿಕೆಗೆ ಉತ್ತರ ಬರುವ ಮುಂಚೆಯೇ ಇನ್ನಷ್ಟು ಕೋರಿಕೆ ಕಳಿಸಿರುತ್ತದೆ. ಆದರೂ ಪ್ರತಿ ಕೋರಿಕೆಗೂ ಎರಡೂ ಕಡೆ ಚೀಟಿ ಬರೆಯುವ ಕೆಲಸ ತಪ್ಪದು. ನಮ್ಮ ಮುದಿ ಸರ್ವರ್‌ನ ಬಹುಪಾಲು ಶಕ್ತಿ ಈ ಚೀಟಿಗಳಿಗೇ ಹೋಗುತ್ತಿತ್ತು.

ಈ 8192 ಎಲ್ಲಿಂದ ಬಂತು? ನಾವೇ ಹಾಕಿದ್ದು. ಸರ್ವರ್ ಜೋಡಿಸುವಾಗ ಯಾವುದೋ ಹಳೆ ಟಿಪ್ಪಣಿ ನೋಡಿ, ಅದರಲ್ಲಿದ್ದ ಸಾಲನ್ನು ಅರ್ಥ ಮಾಡಿಕೊಳ್ಳದೆ ಎಫ್‌ಸ್ಟ್ಯಾಬ್ ಎಂಬ ಫೈಲಿಗೆ ಅಂಟಿಸಿದ್ದೆವು. ಕಂಪ್ಯೂಟರ್ ಶುರುವಾದಾಗ ಯಾವ ಡಿಸ್ಕ್, ಯಾವ ಫೋಲ್ಡರ್ ಎಲ್ಲಿ ಜೋಡಿಸಬೇಕು ಎಂದು ಅದು ಓದಿಕೊಳ್ಳುವ ಪಟ್ಟಿ ಅದು.

ಆ ಹಳೆ ಟಿಪ್ಪಣಿ ಬರೆದವರು ತಪ್ಪು ಬರೆದಿರಲಿಲ್ಲ. ಅವರ ಕಾಲಕ್ಕೆ ಅದು ಸರಿ. ಎನ್‌ಎಫ್‌ಎಸ್‌ನ ಎರಡನೇ ಆವೃತ್ತಿಯ ನಿಯಮಗಳು 1989ರಲ್ಲಿ ಪ್ರಕಟವಾದವು. ಅದರಲ್ಲಿ ಒಂದು ಸಲಕ್ಕೆ 8192 ಬೈಟ್‌ಗಿಂತ ಹೆಚ್ಚು ಸಾಗಿಸುವಂತೆಯೇ ಇರಲಿಲ್ಲ. 1995ರಲ್ಲಿ ಮೂರನೇ ಆವೃತ್ತಿ ಬಂದಾಗ ಆ ಮಿತಿ ಹೋಯಿತು.

ಆಗ ದೊಡ್ಡ ಗಾತ್ರಕ್ಕೆ ಜನ ಹೆದರಲು ಇನ್ನೊಂದು ಕಾರಣವೂ ಇತ್ತು. ನೆಟ್‌ವರ್ಕ್ ಕೇಬಲಿನಲ್ಲಿ ಸಾಮಾನ್ಯವಾಗಿ ಒಂದು ಕಟ್ಟಿನಲ್ಲಿ 1500 ಬೈಟ್ ಮಾತ್ರ ಹಿಡಿಯುತ್ತದೆ. 8 ಕೆಬಿ ಕಳಿಸಬೇಕಾದರೆ ಅದನ್ನು ಆರು ತುಂಡು ಮಾಡಬೇಕು. ಹಿಂದೆ ಎನ್‌ಎಫ್‌ಎಸ್ ಹೆಚ್ಚಾಗಿ ಯುಡಿಪಿ ಎಂಬ ಪದ್ಧತಿಯಲ್ಲಿ ನಡೆಯುತ್ತಿತ್ತು. ಅದರಲ್ಲಿ ಆರರಲ್ಲಿ ಒಂದು ತುಂಡು ದಾರಿಯಲ್ಲಿ ಕಳೆದುಹೋದರೆ ಉಳಿದ ಐದೂ ವ್ಯರ್ಥ, ಆರನ್ನೂ ಮತ್ತೆ ಕಳಿಸಬೇಕು. ಕೆಟ್ಟ ಕೇಬಲ್, ಗದ್ದಲದ ನೆಟ್‌ವರ್ಕ್ ಇದ್ದ ಕಡೆ ಗಾತ್ರ ಹೆಚ್ಚಿಸಿದರೆ ವೇಗ ಏರುವ ಬದಲು ಇಳಿಯುತ್ತಿತ್ತು. ಟ್ರ್ಯಾಕ್ಟರ್ ಕೆಸರಲ್ಲಿ ಹೂತರೆ ನೂರೂ ಚೀಲ ಅಲ್ಲೇ ನಿಲ್ಲುವುದಿಲ್ಲವೇ, ಹಾಗೆ. ಈಗ ನಡೆಯುವುದು ಟಿಸಿಪಿ ಎಂಬ ಪದ್ಧತಿಯಲ್ಲಿ. ಅದರಲ್ಲಿ ಕಳೆದ ತುಂಡನ್ನು ಮಾತ್ರ ಮತ್ತೆ ಕಳಿಸಿದರೆ ಸಾಕು. ಆದ್ದರಿಂದ ದೊಡ್ಡ ಗಾತ್ರದ ಭಯ ಬಹುಪಾಲು ಹೋಗಿದೆ. ನಾವು ಮಾತ್ರ ಹಳೆ ಭಯವನ್ನು ಹಾಗೇ ನಕಲು ಮಾಡಿ ಇಟ್ಟುಕೊಂಡಿದ್ದೆವು.

ಸರಿ, ಸಂಖ್ಯೆ ಬದಲಿಸುತ್ತ ಅಳೆಯಲು ಶುರು ಮಾಡಿದೆವು. ಲಿನಕ್ಸಿನ ಕೈಪಿಡಿ ಪ್ರಕಾರ ಈ ಗಾತ್ರ 1024ರ ಗುಣಕವಾಗಿರಬೇಕು, ಗರಿಷ್ಠ 1048576, ಅಂದರೆ 1 ಎಂಬಿ. 8 ಕೆಬಿ ಇದ್ದಾಗ ಐದು ನಿಮಿಷ. 32 ಕೆಬಿ ಮಾಡಿದಾಗ ಮೂರರ ಆಸುಪಾಸು. 128 ಕೆಬಿ ಮಾಡಿದಾಗ ಎರಡು ನಿಮಿಷದ ಮೇಲೆ ಒಂದಿಷ್ಟು ಸೆಕೆಂಡು. ಉತ್ಸಾಹ ಏರಿತು. ನೇರವಾಗಿ 1 ಎಂಬಿ ಹಾಕಿದೆವು. ಫಲಿತಾಂಶ 128 ಕೆಬಿಗಿಂತ ಒಂದೆರಡು ಸೆಕೆಂಡು ಆಚೆ ಈಚೆ, ಅಷ್ಟೇ.

ಯಾಕೆ ಎಂದು ಎನ್‌ಎಫ್‌ಎಸ್‌ಸ್ಟ್ಯಾಟ್ ನೋಡಿದರೆ ಅಲ್ಲಿ 1048576 ಇರಲೇ ಇಲ್ಲ. 262144 ಇತ್ತು. ಅಂದರೆ 256 ಕೆಬಿ. ನಾವು ಕೇಳಿದ್ದು ಒಂದು, ಮಂಜೂರಾದದ್ದು ಇನ್ನೊಂದು!

"ಬೆಳೆ ಪರಿಹಾರದ ಲೆಕ್ಕ ಆತಲ್ರಪಾ ಇದು" ಎಂದು ನಮ್ಮ ಹಿರಿಯಣ್ಣ ನಕ್ಕರು.

ಇದಕ್ಕೂ ಕಾರಣ ಇದೆ. ಈ ಗಾತ್ರವನ್ನು ಒಂದು ಕಡೆಯವರು ತೀರ್ಮಾನಿಸುವಂತಿಲ್ಲ. ಮೇಜಿನ ಕಂಪ್ಯೂಟರ್ ತನಗೆಷ್ಟು ಬೇಕು ಅನ್ನುತ್ತದೆ, ಸರ್ವರ್ ತನ್ನಿಂದ ಎಷ್ಟಾಗುತ್ತದೆ ಅನ್ನುತ್ತದೆ. ಎರಡರಲ್ಲಿ ಚಿಕ್ಕದು ಜಾರಿಗೆ ಬರುತ್ತದೆ. ಲಿನಕ್ಸ್ ಸರ್ವರ್ ತನ್ನ ಮಿತಿಯನ್ನು ರ‍್ಯಾಮ್ ನೋಡಿ ಇಟ್ಟುಕೊಳ್ಳುತ್ತದೆ. ನಮ್ಮ ಸರ್ವರ್‌ನ ಲೆಕ್ಕ ಹೀಗೆ: ಇರುವ ರ‍್ಯಾಮ್‌ನ 4096ನೇ ಒಂದು ಭಾಗ ಎಷ್ಟೋ, ಅದನ್ನು ಮೀರಬಾರದು. 2 ಜಿಬಿಯ 4096ನೇ ಭಾಗ 512 ಕೆಬಿ. ಆದರೆ ಸ್ವಲ್ಪ ರ‍್ಯಾಮ್ ಯಂತ್ರದ ಸ್ವಂತ ಖರ್ಚಿಗೆ ಮೊದಲೇ ಹೋಗಿರುವುದರಿಂದ 512 ಮುಟ್ಟುವುದಿಲ್ಲ, ಅದರ ಕೆಳಗಿನ ಮೆಟ್ಟಿಲು 256ಕ್ಕೆ ನಿಲ್ಲುತ್ತದೆ. ಮನೆಯಲ್ಲಿ ಜಾಗ ಇದ್ದಷ್ಟೇ ಚೀಲ ಇಳಿಸಿಕೊಳ್ಳಬೇಕಲ್ಲ.

ಈ ಮಿತಿಯನ್ನು ಒತ್ತಾಯದಿಂದ ಏರಿಸಲೂ ಬರುತ್ತದೆ. ನಾವು ಮುಟ್ಟಲಿಲ್ಲ. 128 ಕೆಬಿ ಮತ್ತು 256 ಕೆಬಿ ನಡುವೆಯೇ ವ್ಯತ್ಯಾಸ ಕಾಣದಿದ್ದ ಮೇಲೆ ಮುಂದಕ್ಕೆ ಎಳೆದು ಏನು ಉಪಯೋಗ? ಅಷ್ಟು ಹೊತ್ತಿಗೆ ತಡೆ ಗೇಟಿನಲ್ಲಿ ಇರಲಿಲ್ಲ, ಡಿಸ್ಕಿನಲ್ಲಿತ್ತು. ಡಿಸ್ಕ್ ತಿರುಗುವಷ್ಟೇ ತಿರುಗುತ್ತದೆ.

ಕೊನೆಗೆ ನಾವು ಮಾಡಿದ್ದು ಕೇಳಿದರೆ ನಗುತ್ತೀರಿ. ಎಫ್‌ಸ್ಟ್ಯಾಬ್‌ನಿಂದ ಆ ಎರಡೂ ಸಂಖ್ಯೆಗಳನ್ನು ಅಳಿಸಿಬಿಟ್ಟೆವು. ಏನೂ ಬರೆಯದೆ ಬಿಟ್ಟರೆ ಎರಡೂ ಯಂತ್ರಗಳು ತಾವೇ ಮಾತಾಡಿಕೊಂಡು, ಇಬ್ಬರಿಗೂ ಆಗುವ ದೊಡ್ಡ ಗಾತ್ರಕ್ಕೆ ಒಪ್ಪುತ್ತವೆ. ನಮ್ಮಲ್ಲಿ ಅದು 256 ಕೆಬಿ. 89,600 ಕೋರಿಕೆ ಇದ್ದದ್ದು 2,800ಕ್ಕೆ ಇಳಿಯಿತು. ಇಷ್ಟು ದಿನ ನಮ್ಮ ಜಾಣತನವೇ ಅಡ್ಡ ನಿಂತಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ವಿಡಿಯೋ ಸರಾಗವಾಯಿತು. ಆದರೆ ಫೋಟೋಗಳ ಕೆಲಸ ಹೆಚ್ಚೇನೂ ಬದಲಾಗಲಿಲ್ಲ. ಕ್ಯಾಮೆರಾ ಕಾರ್ಡಿನಿಂದ ನಾಲ್ಕು ನೂರು ಫೋಟೋ ಸರ್ವರ್‌ಗೆ ಹಾಕಲು ಮೊದಲಿನಷ್ಟೇ ಸತಾಯಿಸುತ್ತಿತ್ತು. ಇದಕ್ಕೆ ಗಾತ್ರ ಕಾರಣವಲ್ಲ. ಸಣ್ಣ ಸಣ್ಣ ಫೈಲ್ ನೂರಾರು ಇದ್ದಾಗ ಒಂದೊಂದಕ್ಕೂ ಹೆಸರು ಹುಡುಕು, ಹೊಸ ಫೈಲ್ ಮಾಡು, ಡಿಸ್ಕಿಗೆ ಇಳಿಸು, ಮುಗಿಯಿತು ಎಂದು ಹೇಳು. ಮುಷ್ಟಿ ಮೆಣಸಿನಕಾಯಿ ತರಲು ಟ್ರ್ಯಾಕ್ಟರ್ ಕಳಿಸಿದರೂ ಒಂದೇ, ಸೈಕಲ್ ಕಳಿಸಿದರೂ ಒಂದೇ, ಚೀಟಿ ಒಂದು ಬೇಕೇ ಬೇಕು.

ಆಗ ನಮ್ಮಲ್ಲೊಬ್ಬ ಹುಡುಕಿ ತಂದದ್ದು ಅಸಿಂಕ್ ಎಂಬ ಆಯ್ಕೆ. ಸಾಮಾನ್ಯವಾಗಿ ಸರ್ವರ್ ಸಿಂಕ್ ಎಂಬ ಕ್ರಮದಲ್ಲಿ ನಡೆಯುತ್ತದೆ. ಅಂದರೆ ಡಿಸ್ಕಿಗೆ ನಿಜವಾಗಿ ಇಳಿಸಿದ ಮೇಲೆಯೇ "ಇಳಿಸಿದೆ" ಅನ್ನುತ್ತದೆ. ಅಸಿಂಕ್ ಹಾಕಿದರೆ ಕೈಗೆ ಬಂದ ತಕ್ಷಣ "ಆಯ್ತು ಆಯ್ತು" ಎಂದು ಹೇಳಿ, ಡಿಸ್ಕಿಗೆ ಆಮೇಲೆ ಬಿಡುವಿದ್ದಾಗ ಇಳಿಸುತ್ತದೆ. ಹಾಕಿ ನೋಡಿದೆವು. ನಾಲ್ಕು ನೂರು ಫೋಟೋ ಸರಸರ ಹೋದವು. ಮೂರು ವಾರ ಹಾಯಾಗಿ ಕಳೆದೆವು.

ಒಂದು ಸಂಜೆ ಮಳೆ ಗಾಳಿಗೆ ಕರೆಂಟ್ ಹೋಯಿತು. ಯುಪಿಎಸ್ ಒಂದು ಸಲ ಚೀರಿ ಸುಮ್ಮನಾಯಿತು. ಅದರ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು, ನಾವು ಇವತ್ತು ನಾಳೆ ಎಂದು ಮುಂದೂಡುತ್ತಿದ್ದೆವು. ಕರೆಂಟ್ ಬಂದ ಮೇಲೆ ಸರ್ವರ್ ಎದ್ದಿತು, ಎಲ್ಲ ಸರಿಯಿದೆ ಅಂದುಕೊಂಡೆವು. ಎರಡು ದಿನದ ಮೇಲೆ ಆ ದಿನದ ಫೋಲ್ಡರ್ ತೆರೆದಾಗ ಗೊತ್ತಾಯಿತು. ಫೋಟೋಗಳ ಹೆಸರು ಇತ್ತು, ಒಳಗೆ ಏನೂ ಇರಲಿಲ್ಲ. ಗಾತ್ರದ ಜಾಗದಲ್ಲಿ ಸೊನ್ನೆ. ಕ್ಯಾಮೆರಾ ಕಾರ್ಡನ್ನು ಅವತ್ತು ರಾತ್ರಿಯೇ ಅಳಿಸಿ, ಬೇರೆ ಕಾರ್ಯಕ್ರಮಕ್ಕೆ ಬಳಸಿಬಿಟ್ಟಿದ್ದೆವು. ಯಾಕೆಂದರೆ ಸರ್ವರ್ "ಆಯ್ತು" ಎಂದು ಹೇಳಿತ್ತಲ್ಲ!

ಹೋದದ್ದು ಯಾವ ಫೋಟೋ ಗೊತ್ತೇ? ತುಂಗಭದ್ರಾ ದಂಡೆಯ ಊರಿನಲ್ಲಿ ಕಂಬಳಿ ನೇಯುವ ಒಬ್ಬ ಯಜ್ಜನದು. ಅರ್ಧ ದಿನ ಅವರ ಮಗ್ಗದ ಪಕ್ಕ ಕೂತು ತೆಗೆದಿದ್ದೆವು. ಕುರಿಯ ಕಪ್ಪು ಉಣ್ಣೆ, ಅಂಚಿಗೆ ಬಿಳಿ ಗೆರೆ, ಹುಣಸೆ ಬೀಜದ ಗಂಜಿ ಬಳಿಯುವುದು ಎಲ್ಲ ಇತ್ತು. ವಾರದ ಮೇಲೆ ತಲೆ ತಗ್ಗಿಸಿಕೊಂಡು ಮತ್ತೆ ಹೋದೆವು. ಆದದ್ದನ್ನು ಮುಚ್ಚಿಡದೆ ಹೇಳಿದೆವು. ಯಜ್ಜ ಬೇಸರ ಮಾಡಿಕೊಳ್ಳಲಿಲ್ಲ.

"ಅದಕ್ಯಾಕ್ ಅಷ್ಟು ಮನಸಿಗೆ ಹಚ್ಕೊಂತೀರಿ ತಮ್ಮಾ, ಮತ್ತ ಕುಂದರ್ತೀನಿ, ತಗೀರಿ" ಅಂದರು. ಆಮೇಲೆ ಮಗ್ಗದ ಕಡೆ ನೋಡಿ, "ಆದ್ರ ಆ ಕಂಬ್ಳಿ ಹೋತ್ರಿ. ಸಂತ್ಯಾಗ ಮಾರಿದೆ. ಅಂಥಾದ್ದು ಇನ್ನೊಂದು ನೇಯಾಕ ಕಣ್ಣು ಕಾಣಂಗಿಲ್ಲ ನನಗ."

ಮತ್ತೆ ಫೋಟೋ ತೆಗೆದೆವು. ಯಜ್ಜ ಇದ್ದಾರೆ, ಮಗ್ಗ ಇದೆ. ಆ ಕಂಬಳಿ ಇಲ್ಲ. ಆ ವರದಿಯನ್ನು ನಾವು ಇನ್ನೂ ಬರೆದಿಲ್ಲ.

ಅವತ್ತು ರಾತ್ರಿಯೇ ಅಸಿಂಕ್ ತೆಗೆದು ಸಿಂಕ್ ಹಾಕಿದೆವು. ಯುಪಿಎಸ್‌ಗೆ ಚಂದಾ ಎತ್ತಿ ಬ್ಯಾಟರಿ ತಂದೆವು. ಗಾತ್ರ ಹೆಚ್ಚಿಸಿ ಪಡೆದ ವೇಗದಲ್ಲಿ ಅಪಾಯವಿರಲಿಲ್ಲ, ಅದು ಬರೀ ಚೀಟಿ ಉಳಿಸಿದ್ದು. ಅಸಿಂಕ್‌ನಿಂದ ಬಂದ ವೇಗ ಸರ್ವರ್ ಹೇಳಿದ ಸುಳ್ಳಿನಿಂದ ಬಂದದ್ದು. ಎರಡೂ ಗಡಿಯಾರದಲ್ಲಿ ಒಂದೇ ಥರ ಕಾಣುತ್ತವೆ. ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುವ ನಮ್ಮಂಥ ಊರುಗಳಲ್ಲಿ ಈ ವ್ಯತ್ಯಾಸ ಗೊತ್ತಿರಲೇಬೇಕು.

ಸಣ್ಣ ಫೋಟೋಗಳ ತೊಂದರೆಗೆ ಬೇರೆ ದಾರಿ ಹಿಡಿದೆವು. ಕಾರ್ಡಿನ ಫೋಟೋಗಳನ್ನು ಮೊದಲು ಮೇಜಿನ ಕಂಪ್ಯೂಟರಿಗೆ ಇಳಿಸಿ, ಎಲ್ಲವನ್ನೂ ಒಂದೇ ಜಿಪ್ ಫೈಲ್ ಆಗಿ ಕಟ್ಟುತ್ತೇವೆ. ಆ ದೊಡ್ಡ ಗಂಟು ಸರ್ವರ್‌ಗೆ ಬೇಗ ಹೋಗುತ್ತದೆ. ಸರ್ವರ್ ಒಳಗೇ ಅದನ್ನು ಬಿಚ್ಚುತ್ತೇವೆ. ಒಂದೇ ಫೋಲ್ಡರ್‌ಗೆ ಸಾವಿರಾರು ಸುರಿಯುವುದು ನಿಲ್ಲಿಸಿ, ತಾರೀಖು ಮತ್ತು ಊರಿನ ಹೆಸರಿನಲ್ಲಿ ಬೇರೆ ಬೇರೆ ಫೋಲ್ಡರ್ ಮಾಡಿದೆವು. ಪ್ರವಾಹದ ಹಳೆ ಗುಡ್ಡೆಯನ್ನು ವಿಂಗಡಿಸಲು ಹದಿನೈದು ದಿನ ಬೇಕಾಯಿತು. ನಿಜ ಹೇಳಬೇಕೆಂದರೆ, ಹುಡುಕುವ ಹೊತ್ತು ಕಡಿಮೆಯಾಗಿದ್ದರಲ್ಲಿ ಈ ವಿಂಗಡಣೆಯ ಪಾಲು ಗಾತ್ರದ ಪಾಲಿಗಿಂತ ಕಡಿಮೆಯೇನಲ್ಲ. ಇನ್ನೊಂದು ನಿಯಮ ಗೋಡೆಗೆ ಬರೆದು ಅಂಟಿಸಿದ್ದೇವೆ: ಎರಡು ಕಡೆ ಪ್ರತಿ ಇಟ್ಟು, ಎರಡನ್ನೂ ತೆರೆದು ನೋಡುವ ತನಕ ಕಾರ್ಡ್ ಅಳಿಸಬಾರದು.

ನಿಮ್ಮಲ್ಲೂ ಇಂಥ ಸರ್ವರ್ ಇದ್ದು ನಿಧಾನವಾಗಿದ್ದರೆ ಇದೇ ಸಾಲಿನಲ್ಲಿ ನೋಡಿ. ಮೊದಲು ಕೇಬಲ್. ಆಮೇಲೆ ಅಳತೆ, ಅದೂ ರ‍್ಯಾಮ್‌ಗಿಂತ ದೊಡ್ಡ ಫೈಲ್ ಹಿಡಿದು. ಆಮೇಲೆ ಜಾರಿಯಲ್ಲಿರುವ ಆರ್‌ಸೈಜ್, ಡಬ್ಲ್ಯೂಸೈಜ್ ಎಷ್ಟು ಎಂದು ನೋಡುವುದು. ಯಾರೋ ಹಾಕಿದ ಹಳೆ ಸಂಖ್ಯೆ ಇದ್ದರೆ ತೆಗೆದು, ಕಳಚಿ ಜೋಡಿಸಿ, ಮತ್ತೆ ಅಳೆಯುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಬರೀ ಫೋನ್ ಇರುವವರಿಗೂ ಒಂದು ಮಾತು. ಬಿದ್ದ ಗೋಡೆ, ಹಾಳಾದ ಬೆಳೆ, ಸತ್ತ ಎತ್ತು, ಹೀಗೆ ಮುಂದೆ ಸಾಕ್ಷಿಯಾಗಬೇಕಾದ ಫೋಟೋವನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ. ಅದು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂಬಲ್ಲಿ ಹೋಗಿ ಕಳಿಸಿ. ಆಗ ಮೂಲ ಫೋಟೋ ಹಾಗೇ ಹೋಗುತ್ತದೆ, ತೆಗೆದ ದಿನದ ಗುರುತೂ ಅದರೊಳಗೇ ಉಳಿಯುತ್ತದೆ. ಆ ಅಕ್ಕನ ಮಗನಿಗೆ ಇದು ಗೊತ್ತಿದ್ದರೆ ಅವರಿಗೆ ನಮ್ಮ ಮೆಟ್ಟಿಲು ಹತ್ತುವ ಕೆಲಸವೇ ಇರುತ್ತಿರಲಿಲ್ಲ.

ಅಕ್ಕ ಹೋದ ತಿಂಗಳು ಮತ್ತೆ ಬಂದಿದ್ದರು. ಅವರ ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿದೆಯಂತೆ. ಈ ಸಲ ಜೊತೆಯಲ್ಲಿ ನೆರೆಮನೆಯ ಇಬ್ಬರು ಹೆಂಗಸರು. ಅವರ ಮನೆಗಳೂ ಆಗ ಬಿದ್ದವೇ. ಊರಿನ ಹೆಸರಿನ ಫೋಲ್ಡರ್ ತೆರೆದೆವು. ಒಬ್ಬರ ಫೋಟೋ ತಕ್ಷಣ ಸಿಕ್ಕಿತು. ಇನ್ನೊಬ್ಬರ ಮನೆ ಒಂದು ವಿಡಿಯೋದ ಕೊನೆಯಲ್ಲಿತ್ತು. ಓಡಿಸಿ, ನಿಲ್ಲಿಸಿ, ಚಿತ್ರ ತೆಗೆದು ಕೊಟ್ಟೆವು.

ಚಹಾ ಕುಡಿಯುತ್ತ ಅಕ್ಕ ಮೂಲೆಯ ಪೆಟ್ಟಿಗೆ ನೋಡಿ ಕೇಳಿದರು: "ಹೊಸಾ ಮಿಷಿನ್ ತಂದ್ರೇನ್ರಿ ಅಣ್ಣಾರ?"

"ಇಲ್ರಿ ಅಕ್ಕಾರ, ಅದ ಮುದುಕ."

ಅವರು ನಕ್ಕರು. ನಾಲ್ಕೂವರೆ ಬಸ್ಸಿಗೇ ಹೋದರು.